ಕೆಲಸ ಕಲಿಯುತ್ತಲೇ ಸಾಫ್ಟ್‌ವೇರ್ ಪದವಿ: ತುಮಕೂರು ಕಡೆಯ ವಿದ್ಯಾರ್ಥಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಪ್ರತಿ ವರ್ಷ ದಾಖಲಾತಿಯ ಹೊತ್ತಿಗೆ ಶಿರಾ, ಗುಬ್ಬಿ, ಕುಣಿಗಲ್, ಮಧುಗಿರಿ ಕಡೆಯಿಂದ ಸಲಹೆ ಕೇಳಲು ಬರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಒಂದೇ ಬಗೆಯ ತೊಡಕನ್ನು ಹೊತ್ತು ತರುತ್ತಾರೆ. ಬೆಂಗಳೂರಿನ ಯಾವುದೋ ಕಂಪನಿಯಲ್ಲಿ ವರ್ಷವಿಡೀ ದುಡಿದಿರುತ್ತಾರೆ. ಕೆಲಸ ಮಾಡುತ್ತಲೇ ಡಿಗ್ರಿ ಸಿಗುತ್ತದೆ ಎಂಬ ಬಾಯಿಮಾತನ್ನು ನಂಬಿರುತ್ತಾರೆ. ಆದರೆ ಅವರ ಕೈಯಲ್ಲಿ ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆಯೂ ಇರುವುದಿಲ್ಲ, ಅಪ್ರೆಂಟಿಸ್ (ಕಂಪನಿಯಲ್ಲಿ ದುಡಿಯುತ್ತ ಕೆಲಸ ಕಲಿಯುವವರು) ಒಪ್ಪಂದದ ಸಂಖ್ಯೆಯೂ ಇರುವುದಿಲ್ಲ.

ಇವರೆಲ್ಲ ಎಡವಿದ್ದು ಕೆಲಸಗಳ ಕ್ರಮದಲ್ಲಿ. ಮೊದಲು ಕಂಪನಿಗೆ ಸೇರಿ, ಆಮೇಲೆ ಒಪ್ಪಂದದ ಮಾತೆತ್ತಿ, ಕೊನೆಗೆ ಕಾಲೇಜಿನ ಬಾಗಿಲು ತಟ್ಟಿದರೆ ಕಳೆದುಹೋದ ತಿಂಗಳುಗಳಿಗೆ ಯಾರೂ ಕ್ರೆಡಿಟ್ (ಪದವಿಗೆ ಲೆಕ್ಕವಾಗುವ ಕಲಿಕೆಯ ಅಳತೆ) ಕೊಡುವುದಿಲ್ಲ. ಪದವಿಯ ದಾಖಲಾತಿ ಮೊದಲು, ಕಂಪನಿಯ ಆಯ್ಕೆ ನಂತರ, ಕೆಲಸಕ್ಕೆ ಕಾಲಿಡುವ ಮುನ್ನವೇ ಒಪ್ಪಂದ ಎಂಬ ಕ್ರಮವನ್ನು ಈ ಬರಹದುದ್ದಕ್ಕೂ ಮನಸ್ಸಿನಲ್ಲಿಡಬೇಕು.

## ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದವು

ಮೊಬೈಲ್ ಸಂಖ್ಯೆ ಜೋಡಣೆಯಾಗಿರುವ ಆಧಾರ್, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಥವಾ ಡಿಪ್ಲೊಮಾ ಅಂಕಪಟ್ಟಿಗಳು, ನಿಮ್ಮದೇ ಹೆಸರಿನ ಬ್ಯಾಂಕ್ ಖಾತೆ, ಡಿಜಿಲಾಕರ್ ಮೂಲಕ ಪಡೆದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ (ನೀವು ಗಳಿಸಿದ ಕ್ರೆಡಿಟ್‌ಗಳು ಜಮಾ ಆಗುವ ಖಾತೆ) ಗುರುತಿನ ಸಂಖ್ಯೆ, ಮತ್ತು ಬೇರೆಯವರ ಕೈಗೆ ಹೋಗದ ಒಂದು ಇ-ಮೇಲ್ ವಿಳಾಸ ಇರಲಿ. ಸೈಬರ್ ಸೆಂಟರಿನವರು ತಮ್ಮ ಇ-ಮೇಲ್ ಹಾಕಿ ಅರ್ಜಿ ತುಂಬಿಬಿಟ್ಟರೆ ಮುಂದೆ ಪಾಸ್‌ವರ್ಡ್ ಬದಲಿಸಲು ಅವರ ಅಂಗಡಿಗೇ ಅಲೆಯಬೇಕಾಗುತ್ತದೆ. ಸ್ವಂತ ಲ್ಯಾಪ್‌ಟಾಪ್ ಕೊಳ್ಳುವುದಾದರೆ 8 ಜಿಬಿಗಿಂತ ಕಡಿಮೆ ರ‍್ಯಾಮ್ ಇರುವುದು ಬೇಡ. ಎಡಿಟರ್, ಬ್ರೌಸರ್, ಡೇಟಾಬೇಸ್ ಮೂರನ್ನೂ ಒಟ್ಟಿಗೆ ತೆರೆದರೆ ಅದು ತತ್ತರಿಸುತ್ತದೆ.

ಮೂರು ದಾಖಲೆಗಳಲ್ಲಿ ನಿಮ್ಮ ಹೆಸರು ಒಂದೇ ರೀತಿ ಇದೆಯೇ ಎಂದು ಇಂದೇ ನೋಡಿ. ಅಂಕಪಟ್ಟಿಯಲ್ಲಿ ‘ಮಂಜುನಾಥ ಆರ್’, ಆಧಾರ್‌ನಲ್ಲಿ ‘ಮಂಜುನಾಥ್ ರಂಗಪ್ಪ’, ಪಾಸ್‌ಬುಕ್ಕಿನಲ್ಲಿ ‘ಆರ್ ಮಂಜುನಾಥ’ ಎಂದಿದ್ದರೆ ಅಪ್ರೆಂಟಿಸ್‌ಗಳು ನೋಂದಾಯಿಸಿಕೊಳ್ಳುವ ಪೋರ್ಟಲ್ ಅವರನ್ನು ಮೂವರೆಂದೇ ತಿಳಿಯುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರನ್ನೇ ಮೂಲವೆಂದು ಹಿಡಿದು ಉಳಿದೆರಡನ್ನು ತಿದ್ದಿಸುವುದು ಸುಲಭದ ದಾರಿ.

## ಹಂತ 1: ನಾಲ್ಕು ದಾರಿಗಳಲ್ಲಿ ನಿಮ್ಮದು ಯಾವುದೆಂದು ನಿರ್ಧರಿಸಿ

ಮೊದಲನೆಯದು ಅಪ್ರೆಂಟಿಸ್‌ಶಿಪ್ ಅಡಕವಾಗಿರುವ ಪದವಿ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಇದಕ್ಕೆ 2020ರಲ್ಲಿ ಮಾರ್ಗಸೂಚಿ ಹೊರಡಿಸಿ, 2025ರಲ್ಲಿ ಪರಿಷ್ಕರಿಸಿತು. ಮೂರು ವರ್ಷದ ಬಿಸಿಎ ಅಥವಾ ಕಂಪ್ಯೂಟರ್ ಸೈನ್ಸ್ ಬಿ.ಎಸ್ಸಿ. ಪದವಿಯಲ್ಲಿ ಒಂದರಿಂದ ಮೂರು ಸೆಮಿಸ್ಟರ್‌ಗಳನ್ನು ತರಗತಿಯ ಬದಲು ಕಂಪನಿಯಲ್ಲಿ ಕಳೆಯುವ ಏರ್ಪಾಡು ಇದು. ಅಲ್ಲಿ ಮಾಡಿದ ಕೆಲಸಕ್ಕೆ ವಿಶ್ವವಿದ್ಯಾಲಯವೇ ಕ್ರೆಡಿಟ್ ಕೊಡುತ್ತದೆ, ಕಂಪನಿ ಶಿಷ್ಯವೇತನ ಕೊಡುತ್ತದೆ. ಪಿಯುಸಿ ಮುಗಿಸಿ ಮನೆಯ ಖರ್ಚಿಗೂ ಹೆಗಲು ಕೊಡಬೇಕಾದವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಎರಡನೆಯದು, ಕಂಪನಿಯೇ ನೌಕರಿಗೆ ತೆಗೆದುಕೊಂಡು ಪದವಿಗೆ ಸೇರಿಸುವ ದಾರಿ. ಎಚ್‌ಸಿಎಲ್‌ಟೆಕ್‌ನ ಟೆಕ್‌ಬೀ ಯೋಜನೆ ದ್ವಿತೀಯ ಪಿಯುಸಿ ಮುಗಿಸಿದವರಿಗೆ ತರಬೇತಿ ನೀಡಿ, ಕೆಲಸದ ಜೊತೆ ಪದವಿ ಓದಲು ಅವಕಾಶ ಕೊಡುತ್ತದೆ. ವಿಪ್ರೋದ ಕೆಲಸ-ಕಲಿಕೆ ಯೋಜನೆ ಬಿಸಿಎ, ಬಿ.ಎಸ್ಸಿ. ಮುಗಿಸಿದವರನ್ನು ತೆಗೆದುಕೊಂಡು ಎಂ.ಟೆಕ್. ಓದಿಸುತ್ತದೆ. ಇಂಥ ಯೋಜನೆಗೆ ಸೇರುವ ಮುನ್ನ ಸೇವಾ ಕರಾರು ಎಷ್ಟು ವರ್ಷದ್ದು, ನಡುವೆ ಬಿಟ್ಟರೆ ಎಷ್ಟು ಹಣ ಕಟ್ಟಬೇಕು ಎಂಬುದನ್ನು ಓದಿ, ಮನೆಯವರಿಗೂ ಓದಿ ಹೇಳಿ.

ಮೂರನೆಯದು ಡಿಪ್ಲೊಮಾ ಮುಗಿಸಿ ಈಗಾಗಲೇ ಕೆಲಸದಲ್ಲಿರುವವರಿಗೆ. ದುಡಿಯುವವರಿಗಾಗಿಯೇ ಎಂಜಿನಿಯರಿಂಗ್ ತರಗತಿಗಳನ್ನು ಸಂಜೆ ಹಾಗೂ ಅನುಕೂಲದ ವೇಳೆಯಲ್ಲಿ ನಡೆಸಲು ತಾಂತ್ರಿಕ ಶಿಕ್ಷಣಕ್ಕೆ ಮಾನ್ಯತೆ ನೀಡುವ ಎಐಸಿಟಿಇ 2023-24ರಿಂದ ಅನುಮತಿ ನೀಡುತ್ತಿದೆ. ಕನಿಷ್ಠ ಒಂದು ವರ್ಷದ ಕೆಲಸದ ಅನುಭವ ಬೇಕು. ಕೆಲಸದ ಸ್ಥಳ ಕಾಲೇಜಿನಿಂದ ಇಂತಿಷ್ಟು ದೂರದೊಳಗೆ ಇರಬೇಕೆಂಬ ಮಿತಿಯೂ ಇದೆ. ನರಸಾಪುರ, ವೇಮಗಲ್, ವಸಂತನರಸಾಪುರ ಕೈಗಾರಿಕಾ ಪ್ರದೇಶಗಳಲ್ಲಿ ದುಡಿಯುವ ಡಿಪ್ಲೊಮಾದವರು ಬಿ.ಇ. ಎಂಬ ಎರಡಕ್ಷರವೇ ಬೇಕೆಂದರೆ ಇತ್ತ ನೋಡಬೇಕು.

ನಾಲ್ಕನೆಯದು, ಪದವಿ ಮುಗಿದ ಮೇಲೆ ಕೇಂದ್ರ ಶಿಕ್ಷಣ ಸಚಿವಾಲಯದ ನ್ಯಾಟ್ಸ್ ಯೋಜನೆಯಡಿ ಒಂದು ವರ್ಷ ಅಪ್ರೆಂಟಿಸ್ ಆಗುವುದು. ಇದರಿಂದ ಅನುಭವವೂ ಪ್ರಮಾಣಪತ್ರವೂ ಸಿಗುತ್ತವೆ, ಪದವಿ ಸಿಗುವುದಿಲ್ಲ. ಮೊದಲನೆಯ ಮತ್ತು ನಾಲ್ಕನೆಯ ದಾರಿಗಳನ್ನು ಒಂದೇ ಎಂದು ತಿಳಿದು ಮೋಸಹೋದವರೇ ಹೆಚ್ಚು.

ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳಬೇಕು. ನಮ್ಮ ಕಡೆ ‘ಸಾಫ್ಟ್‌ವೇರ್ ಎಂಜಿನಿಯರಿಂಗ್ ಓದುತ್ತಿದ್ದಾನೆ’ ಎಂದರೆ ಕೇಳಿದವರು ಬಿ.ಇ. ಎಂದೇ ತಿಳಿಯುತ್ತಾರೆ, ಆದರೆ ಅಪ್ರೆಂಟಿಸ್‌ಶಿಪ್ ಅಡಕವಾದ ಪದವಿ ಹೆಚ್ಚಾಗಿ ಬಿಸಿಎ ಅಥವಾ ಬಿ.ಎಸ್ಸಿ. ರೂಪದಲ್ಲಿ ಸಿಗುತ್ತದೆ. ಕೋಡ್ ಬರೆಯುವ ಕೆಲಸಕ್ಕೆ ಅದು ಸಾಕಾಗುತ್ತದೆ. ನೇಮಕಾತಿ ಪ್ರಕಟಣೆಯಲ್ಲಿ ಬಿ.ಇ. ಕಡ್ಡಾಯ ಎಂದಿರುವ ಹುದ್ದೆಗೆ ಸಾಕಾಗುವುದಿಲ್ಲ. ಅಂಚೆ ತೆರಪಿನಲ್ಲಿ ಬಿ.ಇ. ಕೊಡಿಸುತ್ತೇವೆ ಎನ್ನುವವರ ಮಾತು ಕಿವಿಗೆ ಬಿದ್ದರೆ ಅಲ್ಲಿಂದ ಎದ್ದು ಬನ್ನಿ. ದೂರಶಿಕ್ಷಣದ ಎಂಜಿನಿಯರಿಂಗ್ ಪದವಿಗೆ ಎಐಸಿಟಿಇ ಮಾನ್ಯತೆ ಇಲ್ಲ, ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳು ಹೀಗೆ ಹಂಚಿದ್ದ ಪದವಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2017ರ ನವೆಂಬರ್‌ನಲ್ಲೇ ಕಟುವಾದ ತೀರ್ಪು ಕೊಟ್ಟಿದೆ.

## ಹಂತ 2: ಪದವಿ ಕೊಡುವವರು ಯಾರೆಂದು ಪತ್ತೆ ಮಾಡಿ

ಕಾಲೇಜಿನ ಬೋರ್ಡಿನಲ್ಲಿ ಏನು ಬರೆದಿದೆ ಎಂಬುದು ಮುಖ್ಯವಲ್ಲ. ಅಂಕಪಟ್ಟಿಯ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಅಚ್ಚಾಗುತ್ತದೆ ಎಂದು ಕೇಳಿ. ಆ ಹೆಸರು ಯುಜಿಸಿ ಪಟ್ಟಿಯಲ್ಲಿ ಇರಬೇಕು. ಬಿಸಿಎ ಕೋರ್ಸೂ 2024-25ರಿಂದ ಎಐಸಿಟಿಇ ವ್ಯಾಪ್ತಿಗೆ ಬಂದಿರುವುದರಿಂದ ಆ ಕಾಲೇಜಿಗೆ ನೀವು ಸೇರುವ ವರ್ಷದ ಅನುಮೋದನೆ ಇದೆಯೇ ಎಂಬುದನ್ನೂ ನೋಡಬೇಕು. ಕೋರ್ಸು ಆನ್‌ಲೈನ್ ಆಗಿದ್ದರೆ ಯುಜಿಸಿಯ ದೂರಶಿಕ್ಷಣ ಬ್ಯೂರೋದ ಪಟ್ಟಿಯನ್ನು ತೆರೆದು ನೋಡಿ. ಅದಕ್ಕೆ ಡೆಬ್ ಐಡಿ ಎಂಬ ಪ್ರತ್ಯೇಕ ಸಂಖ್ಯೆ ನಿಮ್ಮ ಹೆಸರಿನಲ್ಲಿ ಆಗಲೇಬೇಕು.

ಅನಂತರ ಪಠ್ಯಕ್ರಮದ ಪುಸ್ತಕವನ್ನು ಕೇಳಿ ಪಡೆಯಿರಿ. ಅಪ್ರೆಂಟಿಸ್‌ಶಿಪ್ ಯಾವ ಸೆಮಿಸ್ಟರ್‌ನಲ್ಲಿದೆ, ಅದಕ್ಕೆ ಎಷ್ಟು ಕ್ರೆಡಿಟ್, ಅಂಕಗಳಲ್ಲಿ ಕಂಪನಿಯ ಪಾಲೆಷ್ಟು, ಕಾಲೇಜಿನ ಪಾಲೆಷ್ಟು ಎಂಬುದು ಅಲ್ಲಿ ಅಚ್ಚಾಗಿರಬೇಕು. ಲೆಕ್ಕವನ್ನು ನೀವೇ ಒಮ್ಮೆ ಹಾಕಿ ನೋಡಿ: ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ಕ್ರೆಡಿಟ್ ಎಂದರೆ 30 ಗಂಟೆ, ಒಂದು ವರ್ಷದ 40 ಕ್ರೆಡಿಟ್ ಎಂದರೆ 1,200 ಗಂಟೆ. ಸೆಮಿಸ್ಟರ್ ಒಂದಕ್ಕೆ 20 ಕ್ರೆಡಿಟ್ ಕೊಡುವುದಾದರೆ 600 ಗಂಟೆ, ಅಂದರೆ ದಿನಕ್ಕೆ 8 ಗಂಟೆಯಂತೆ 75 ದಿನ ಕೆಲಸ ಆಗಲೇಬೇಕು. ‘ಒಂದು ತಿಂಗಳು ಹೋಗಿ ಬನ್ನಿ, 20 ಕ್ರೆಡಿಟ್ ಹಾಕಿಸುತ್ತೇವೆ’ ಎಂದರೆ ಎಲ್ಲೋ ಸುಳ್ಳು ದಾಖಲೆ ತಯಾರಾಗುತ್ತಿದೆ ಎಂದೇ ಅರ್ಥ.

## ಹಂತ 3: ಕಂಪನಿಯನ್ನು ಆರಿಸುವಾಗ ದಿಕ್ಕನ್ನೂ ನೋಡಿ

ಸಾಫ್ಟ್‌ವೇರ್ ಕೆಲಸ ಹೆಚ್ಚಾಗಿ ಇರುವುದು ಬೆಂಗಳೂರಿನಲ್ಲೇ. ಬೆಂಗಳೂರೆಂದರೆ ಒಂದೇ ಊರೆಂದು ಭಾವಿಸಿದರೆ ಮೊದಲ ತಿಂಗಳಲ್ಲೇ ಸೋತುಹೋಗುತ್ತೀರಿ. ತುಮಕೂರಿನಿಂದ ರೈಲಿನಲ್ಲಿ ಹೊರಟವರು ಯಶವಂತಪುರದಲ್ಲಿ ಇಳಿದು ಮೆಟ್ರೋ ಹಿಡಿಯಬಹುದು; ಪೀಣ್ಯ, ಯಶವಂತಪುರ, ರಾಜಾಜಿನಗರ ಆಸುಪಾಸಿನ ಕಂಪನಿಯಾದರೆ ಬದುಕು ಸಹ್ಯ. ಅದೇ ವೈಟ್‌ಫೀಲ್ಡ್ ಆದರೆ ಮೆಜೆಸ್ಟಿಕ್‌ನಲ್ಲಿ ಮತ್ತೊಂದು ಮಾರ್ಗಕ್ಕೆ ಬದಲಾಯಿಸಿ ಊರಿನ ಇನ್ನೊಂದು ತುದಿಗೆ ಹೋಗಬೇಕು. ಕೋಲಾರ ಜಿಲ್ಲೆಯವರ ಲೆಕ್ಕವೇ ಬೇರೆ: ಬಂಗಾರಪೇಟೆ, ಮಾಲೂರಿನಿಂದ ಹೊರಡುವ ರೈಲು ವೈಟ್‌ಫೀಲ್ಡ್, ಕೃಷ್ಣರಾಜಪುರದ ಮೇಲೆಯೇ ಹಾದುಹೋಗುತ್ತದೆ. ಚಿಕ್ಕಬಳ್ಳಾಪುರದವರಿಗೆ ದೇವನಹಳ್ಳಿ, ಯಲಹಂಕ, ಹೆಬ್ಬಾಳದ ಕಡೆ ಅನುಕೂಲ.

ನಮ್ಮ ಜಿಲ್ಲೆಗಳ ಕಾರ್ಖಾನೆಗಳಲ್ಲೂ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತಾರೆ. 30 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ಇಟ್ಟುಕೊಳ್ಳಬೇಕೆಂಬುದು ನಿಯಮವೇ ಆಗಿರುವುದರಿಂದ ಮಾನವ ಸಂಪನ್ಮೂಲ ವಿಭಾಗದವರನ್ನು ಕೇಳಲು ಅಂಜಬೇಕಾಗಿಲ್ಲ. ಆದರೆ ‘ಐಟಿ ಟ್ರೈನಿ’ ಎಂಬ ಹೆಸರಿನಡಿ ದಿನವಿಡೀ ಬಾರ್‌ಕೋಡ್ ಸ್ಕ್ಯಾನ್ ಮಾಡಿಸುವುದೋ, ಎಕ್ಸೆಲ್ ಹಾಳೆ ತುಂಬಿಸುವುದೋ ನಡೆದರೆ ಅದರಿಂದ ಪದವಿಯ ಯಾವ ವಿಷಯಕ್ಕೂ ಪುರಾವೆ ಹುಟ್ಟುವುದಿಲ್ಲ.

ಸಂದರ್ಶನದಲ್ಲಿ ನೀವೂ ನಾಲ್ಕು ಪ್ರಶ್ನೆ ಕೇಳಿ. ನನಗೆ ಕಲಿಸುವ ಹಿರಿಯರು ಯಾರು, ಅವರ ಕೈಕೆಳಗೆ ಇನ್ನೆಷ್ಟು ಅಪ್ರೆಂಟಿಸ್‌ಗಳಿದ್ದಾರೆ? ನಿಮ್ಮ ತಂಡ ಗಿಟ್ (ಕೋಡಿನ ಬದಲಾವಣೆಗಳನ್ನು ದಾಖಲಿಸುವ ತಂತ್ರಾಂಶ) ಬಳಸುತ್ತದೆಯೇ? ನಾನು ಬರೆದ ಕೋಡನ್ನು ಸೇರಿಸುವ ಮುನ್ನ ಯಾರಾದರೂ ಓದಿ ತಿದ್ದುತ್ತಾರೆಯೇ? ಪರೀಕ್ಷೆಯ ದಿನಗಳಲ್ಲಿ ರಜೆ ಸಿಗುತ್ತದೆಯೇ? ಕಲಿಸುವವರ ಹೆಸರನ್ನೇ ಹೇಳಲಾಗದ ಕಂಪನಿಯಲ್ಲಿ ನೀವು ಕಲಿಯುವುದು ಅಷ್ಟಕ್ಕಷ್ಟೇ.

## ಹಂತ 4: ಪೋರ್ಟಲ್‌ನಲ್ಲಿ ನೋಂದಣಿ, ಖಾತೆಗೆ ಆಧಾರ್ ಸೀಡಿಂಗ್

ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ವಿದ್ಯಾರ್ಥಿಯೂ ಕಂಪನಿಯೂ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ನಿಮಗೊಂದು ನೋಂದಣಿ ಸಂಖ್ಯೆ ಬರುತ್ತದೆ. ಅದನ್ನು ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿಗೂ ಕೊಡಿ. ಇಷ್ಟು ಅರ್ಧ ಗಂಟೆಯ ಕೆಲಸ. ತೊಡಕಿರುವುದು ಬ್ಯಾಂಕಿನಲ್ಲಿ.

ಶಿಷ್ಯವೇತನದಲ್ಲಿ ಸರ್ಕಾರ ಕೊಡುವ ಪಾಲು ಆಧಾರ್ ಆಧಾರಿತ ನೇರ ವರ್ಗಾವಣೆಯಲ್ಲಿ ಬರುತ್ತದೆ. ‘ನನ್ನ ಖಾತೆಗೆ ಆಧಾರ್ ಲಿಂಕ್ ಆಗಿದೆ’ ಎಂದು ಎಲ್ಲರೂ ಹೇಳುತ್ತಾರೆ. ಬ್ಯಾಂಕಿನವರು ಗುರುತಿಗಾಗಿ ಆಧಾರ್ ಸಂಖ್ಯೆ ಬರೆದುಕೊಂಡಿರುವುದೇ ಬೇರೆ, ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಪಟ್ಟಿಯಲ್ಲಿ ನಿಮ್ಮ ಆಧಾರ್‌ಗೆ ಎದುರಾಗಿ ಆ ಬ್ಯಾಂಕಿನ ಹೆಸರು ಕೂತಿರುವುದೇ (ಇದನ್ನೇ ಸೀಡಿಂಗ್ ಎನ್ನುವುದು) ಬೇರೆ. ಕಳೆದ ಬಾರಿ ಒಬ್ಬ ಹುಡುಗಿ ಮೂರು ತಿಂಗಳು ಹಣ ಬಾರದೆ ಪಾಸ್‌ಬುಕ್ ಹಿಡಿದು ಬಂದಾಗ, ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ತೆರೆದು ನೋಡಿದೆವು. ಅಲ್ಲಿ ಇದ್ದದ್ದು ಹೈಸ್ಕೂಲಿನಲ್ಲಿ ವಿದ್ಯಾರ್ಥಿವೇತನಕ್ಕೆಂದು ತೆರೆಸಿ ಮರೆತಿದ್ದ, ವಹಿವಾಟಿಲ್ಲದೆ ನಿಂತುಹೋಗಿದ್ದ ಖಾತೆಯ ಬ್ಯಾಂಕು. ಹೊಸ ಖಾತೆಯ ಶಾಖೆಗೆ ಹೋಗಿ ಸೀಡಿಂಗ್ ಅರ್ಜಿ ತುಂಬಿ, ಮತ್ತೆ ಸ್ಥಿತಿಯನ್ನು ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ದಾರಿ ಸುಗಮವಾಯಿತು. ನೀವು ಇದನ್ನು ಕೆಲಸಕ್ಕೆ ಸೇರುವ ಮುನ್ನವೇ ಮಾಡಿ ಮುಗಿಸಿ.

ಪದವಿ ಮುಗಿಸಿ ನಾಲ್ಕನೆಯ ದಾರಿ ಹಿಡಿಯುವವರು ಯುವನಿಧಿ ಪಡೆಯುತ್ತಿದ್ದರೆ ಅದನ್ನು ನಿಲ್ಲಿಸಿಕೊಳ್ಳಬೇಕು. ಅಪ್ರೆಂಟಿಸ್ ವೇತನ ಪಡೆಯುವವರಿಗೆ ಆ ಭತ್ಯೆಯ ಅರ್ಹತೆ ಇರುವುದಿಲ್ಲ.

## ಹಂತ 5: ಒಪ್ಪಂದವನ್ನು ಸಾಲು ಸಾಲಾಗಿ ಓದಿ

1961ರ ಅಪ್ರೆಂಟಿಸ್ ಕಾಯ್ದೆಯಡಿ ಕಂಪನಿ ಮತ್ತು ನಿಮ್ಮ ನಡುವೆ ಒಪ್ಪಂದವಾಗಿ, ಅದು ನೋಂದಣಿಯಾಗಬೇಕು. ನಿಮಗೆ 18 ತುಂಬಿರದಿದ್ದರೆ ಪೋಷಕರೂ ಸಹಿ ಹಾಕಬೇಕು. ಆಫರ್ ಲೆಟರ್, ಇಂಟರ್ನ್‌ಶಿಪ್ ಪತ್ರ, ವಾಟ್ಸ್‌ಆ್ಯಪ್‌ನಲ್ಲಿ ಬಂದ ‘ಸೋಮವಾರ ಬನ್ನಿ’ ಎಂಬ ಸಂದೇಶ ಇವು ಯಾವುವೂ ಒಪ್ಪಂದವಾಗುವುದಿಲ್ಲ. ಒಪ್ಪಂದದ ಸಂಖ್ಯೆ ಪೋರ್ಟಲ್‌ನಲ್ಲಿ ಕಾಣಿಸದೆ ಹಾಜರಾತಿ ಶುರುವಾದರೆ ಆ ದಿನಗಳು ಲೆಕ್ಕಕ್ಕೆ ಬಾರದೆ ಹೋಗುತ್ತವೆ.

ಪತ್ರದಲ್ಲಿ ಐದು ಸಂಗತಿಗಳ ಮೇಲೆ ಬೆರಳಿಟ್ಟು ನೋಡಿ: ಆರಂಭ ಮತ್ತು ಮುಕ್ತಾಯದ ದಿನಾಂಕ, ಕೆಲಸದ ಸ್ವರೂಪ, ಕೆಲಸದ ಸ್ಥಳ, ಶಿಷ್ಯವೇತನ, ನಡುವೆ ಬಿಟ್ಟರೆ ಆಗುವ ಪರಿಣಾಮ. ದಿನಾಂಕಗಳು ಸೆಮಿಸ್ಟರ್ ದಿನಾಂಕಗಳಿಗೆ ಹೊಂದಬೇಕು. ಆಗಸ್ಟ್‌ನಲ್ಲಿ ಸೆಮಿಸ್ಟರ್ ಶುರುವಾಗಿ ಅಕ್ಟೋಬರ್‌ನಲ್ಲಿ ಒಪ್ಪಂದ ಹುಟ್ಟಿದರೆ ಗಂಟೆಗಳು ಕಡಿಮೆ ಬೀಳುತ್ತವೆ, ಕ್ರೆಡಿಟ್ ಮುಂದಿನ ವರ್ಷಕ್ಕೆ ಹೋಗುತ್ತದೆ.

ಶಿಷ್ಯವೇತನಕ್ಕೆ ಕಾನೂನಿನ ಕನಿಷ್ಠ ಮಿತಿ ಇದೆ. 2019ರಲ್ಲಿ ತಿದ್ದಿದ ನಿಯಮಗಳು ಪದವಿ ಮಟ್ಟದ ಅಪ್ರೆಂಟಿಸ್‌ಗೆ ತಿಂಗಳಿಗೆ 9,000 ರೂಪಾಯಿ, ಡಿಪ್ಲೊಮಾದವರಿಗೆ 8,000 ರೂಪಾಯಿ ನಿಗದಿಪಡಿಸಿದವು. ಸಹಿ ಹಾಕುವ ದಿನ ಜಾರಿಯಲ್ಲಿರುವ ಮೊತ್ತವನ್ನು ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಒಂದು ತಿಂಗಳ ಶಿಷ್ಯವೇತನ ಮರುತಿಂಗಳ 10ನೇ ತಾರೀಖಿನೊಳಗೆ ಬರಬೇಕು. ಸಾಂದರ್ಭಿಕ ರಜೆಗೋ ವೈದ್ಯಕೀಯ ರಜೆಗೋ ಅದರಲ್ಲಿ ಮುರಿದುಕೊಳ್ಳುವಂತಿಲ್ಲ.

ಕಾಯ್ದೆಯ ಕಣ್ಣಿನಲ್ಲಿ ನೀವು ಕಾರ್ಮಿಕರಲ್ಲ, ತರಬೇತಿ ಪಡೆಯುವವರು ಎಂಬುದನ್ನೂ ತಿಳಿದಿರಬೇಕು. ಭವಿಷ್ಯ ನಿಧಿ, ಇಎಸ್‌ಐ ಅನ್ವಯವಾಗುವುದಿಲ್ಲ. ಒಪ್ಪಂದದಲ್ಲಿ ಪ್ರತ್ಯೇಕ ಷರತ್ತು ಇಲ್ಲದಿದ್ದರೆ ಅವಧಿ ಮುಗಿದ ಮೇಲೆ ನೌಕರಿ ಕೊಡಬೇಕೆಂಬ ಬಾಧ್ಯತೆ ಕಂಪನಿಗಿಲ್ಲ. ಪ್ರತಿಯಾಗಿ, ಅಪ್ರೆಂಟಿಸ್ ಸಲಹೆಗಾರರ (ಈ ಕಾಯ್ದೆಯಡಿ ಸರ್ಕಾರ ನೇಮಿಸಿದ ಅಧಿಕಾರಿ) ಒಪ್ಪಿಗೆ ಇಲ್ಲದೆ ನಿಮ್ಮಿಂದ ಓವರ್‌ಟೈಮ್ ಮಾಡಿಸುವಂತೆಯೂ ಇಲ್ಲ. ‘ರಿಲೀಸ್ ಇದೆ, ಈ ವಾರ ರಾತ್ರಿ ಹತ್ತರವರೆಗೆ ಇರಿ’ ಎಂದಾಗ ಈ ಸಾಲು ನೆನಪಿರಲಿ.

ಮೂಲ ಅಂಕಪಟ್ಟಿಯನ್ನು ‘ಭದ್ರತೆಗಾಗಿ’ ಇಟ್ಟುಕೊಳ್ಳುವವರಿಗೆ, ತರಬೇತಿ ಶುಲ್ಕ ಎಂದು ಮುಂಗಡ ಕೇಳುವವರಿಗೆ, ಖಾಲಿ ಚೆಕ್ಕಿಗೆ ಸಹಿ ಬೇಡುವವರಿಗೆ ನಮಸ್ಕಾರ ಹೇಳಿ ಹೊರಡಿ. ನನ್ನ ಬಳಿ ಬಂದಿದ್ದ ಒಬ್ಬನ ಅಂಕಪಟ್ಟಿಗಳನ್ನು ಹಿಂದಕ್ಕೆ ಪಡೆಯಲು ಆತನ ತಂದೆ ರೇಷ್ಮೆ ಗೂಡಿನ ದುಡ್ಡನ್ನು ಕಟ್ಟಿಬಂದರು.

## ಹಂತ 6: ವಾರದ ವೇಳಾಪಟ್ಟಿಯನ್ನು ಕಾಗದದ ಮೇಲೆ ಹಾಕಿ

ತುಮಕೂರಿನಿಂದ ಬೆಂಗಳೂರಿಗೆ 70 ಕಿಲೋಮೀಟರ್. ಮನೆ ಬಾಗಿಲಿನಿಂದ ಕಚೇರಿ ಬಾಗಿಲಿಗೆ ಎರಡೂವರೆ ಗಂಟೆ ಹಿಡಿದರೂ ದಿನಕ್ಕೆ ಐದು ಗಂಟೆ ಹಾದಿಯಲ್ಲೇ ಹೋಗುತ್ತದೆ. ಎಂಟು ಗಂಟೆ ಕೆಲಸ, ಒಂದು ಗಂಟೆ ಊಟ-ತಿಂಡಿ, ಏಳು ಗಂಟೆ ನಿದ್ದೆ ಕಳೆದರೆ ಉಳಿಯುವುದು ಮೂರು ಗಂಟೆ. ಅದರಲ್ಲೇ ಸ್ನಾನ, ಮನೆಗೆಲಸ, ಓದು ಎಲ್ಲವೂ ಆಗಬೇಕು. ಪಿ.ಜಿ.ಯಲ್ಲಿ ಉಳಿದರೆ ಸಮಯ ಸಿಗುತ್ತದೆ, ಆದರೆ ಶಿಷ್ಯವೇತನದ ಬಹುಪಾಲು ಬಾಡಿಗೆಗೇ ಹೋಗುತ್ತದೆ. ನನ್ನ ಅನುಭವದಲ್ಲಿ ಮೊದಲ ಮೂರು ತಿಂಗಳು ಪಿ.ಜಿ., ಕೆಲಸ ಕೈಗೆ ಹತ್ತಿದ ಮೇಲೆ ರೈಲಿನ ಸೀಸನ್ ಪಾಸು ಎಂಬ ಏರ್ಪಾಡು ಹೆಚ್ಚು ಮಂದಿಗೆ ಹೊಂದಿದೆ. ಓದನ್ನು ರೈಲಿಗೇ ಬಿಡುತ್ತೇನೆ ಎನ್ನುವವರು ಬೆಳಗಿನ ಗಾಡಿಯಲ್ಲಿ ಕೂರಲು ಜಾಗ ಸಿಗುತ್ತದೆಯೇ ಎಂದು ಒಮ್ಮೆ ಹತ್ತಿ ನೋಡಲಿ.

ವಾರಕ್ಕೆ ಅರ್ಧ ದಿನವಾದರೂ ಓದಿಗೆ ಬಿಡುವು ಬೇಕೆಂದು ಆರಂಭದಲ್ಲೇ ಕೇಳಿ, ಇ-ಮೇಲ್‌ನಲ್ಲಿ ಒಪ್ಪಿಗೆ ಪಡೆಯಿರಿ.

## ಹಂತ 7: ದಿನಚರಿ ಪುಸ್ತಕವೇ ನಿಮ್ಮ ಉತ್ತರಪತ್ರಿಕೆ

ಹೆಚ್ಚಿನವರು ಅಂಕ ಕಳೆದುಕೊಳ್ಳುವುದು ಇಲ್ಲಿ. ಮೌಲ್ಯಮಾಪನಕ್ಕೆ ಬರುವವರು ನೀವು ಕೆಲಸ ಮಾಡಿದ್ದನ್ನು ಕಣ್ಣಾರೆ ಕಂಡವರಲ್ಲ. ಅವರಿಗೆ ಕಾಣುವುದು ದಿನಚರಿ ಮಾತ್ರ. ‘ಇಂದು ಬಗ್ ಸರಿಪಡಿಸಿದೆ’ ಎಂಬ ಒಂದೇ ಸಾಲನ್ನು ಅರವತ್ತು ದಿನ ಬರೆದವನಿಗೂ ಏನೂ ಮಾಡದವನಿಗೂ ಅವರ ಕಣ್ಣಿನಲ್ಲಿ ವ್ಯತ್ಯಾಸವಿರುವುದಿಲ್ಲ.

ಅದೇ ದಿನದ ಕೆಲಸವನ್ನು ಹೀಗೆ ಬರೆಯಬಹುದು: ‘ಬಿಲ್ಲಿನ ಪುಟ ತೆರೆಯಲು 9 ಸೆಕೆಂಡ್ ಹಿಡಿಯುತ್ತಿತ್ತು. ಪ್ರತಿ ಸಾಲಿಗೂ ಡೇಟಾಬೇಸ್‌ಗೆ ಬೇರೆ ಬೇರೆ ಪ್ರಶ್ನೆ ಹೋಗುತ್ತಿರುವುದು ಲಾಗ್‌ನಲ್ಲಿ ಕಂಡಿತು. ಎರಡು ಟೇಬಲ್‌ಗಳನ್ನು ಜಾಯಿನ್ ಮಾಡಿ ಒಂದೇ ಪ್ರಶ್ನೆಯಾಗಿಸಿದೆ. ಈಗ 1 ಸೆಕೆಂಡಿಗಿಂತ ಕಡಿಮೆ. ಖಾಲಿ ಬಿಲ್ ಬಂದರೆ ಪುಟ ಒಡೆಯುವುದನ್ನು ಹಿರಿಯರು ತೋರಿಸಿದರು, ಅದಕ್ಕೊಂದು ಟೆಸ್ಟ್ ಬರೆದೆ. ಸಂಬಂಧಿಸಿದ ವಿಷಯ: ಡೇಟಾಬೇಸ್, ನಾಲ್ಕನೆಯ ಸೆಮಿಸ್ಟರ್.’ ಸಮಸ್ಯೆ, ಕಾರಣ, ಮಾಡಿದ್ದು, ತಪ್ಪಿದ್ದು, ಪಠ್ಯದ ವಿಷಯ ಇಷ್ಟೂ ಐದಾರು ಸಾಲಿನಲ್ಲಿ ಬಂದುವು. ಅಂದಂದೇ ಬರೆಯಿರಿ, ತಿಂಗಳ ಕೊನೆಯಲ್ಲಿ ಕೂತು ಬರೆದ ದಿನಚರಿಯ ಶಾಯಿಯೂ ಒಂದೇ, ಸುಳ್ಳೂ ಒಂದೇ. ವಾರಕ್ಕೊಮ್ಮೆ ಕಂಪನಿಯ ಹಿರಿಯರ ಸಹಿ ಇರಲಿ.

ಒಂದು ಗಂಭೀರ ಎಚ್ಚರಿಕೆ ಇದೆ. ಪ್ರಾಜೆಕ್ಟ್ ವರದಿಗೆ ಕಂಪನಿಯ ಕೋಡ್, ಗ್ರಾಹಕರ ಹೆಸರು, ಪರದೆಯ ಚಿತ್ರಗಳನ್ನು ಅನುಮತಿ ಇಲ್ಲದೆ ಅಂಟಿಸಬಾರದು. ನಿಮ್ಮ ಸ್ವಂತ ಗಿಟ್‌ಹಬ್ ಖಾತೆಗೆ ಅವನ್ನು ಏರಿಸಲೇಬಾರದು. ವರದಿಗಾಗಿ ಅದೇ ತತ್ವದ ಚಿಕ್ಕ ಮಾದರಿಯನ್ನು ಮನೆಯಲ್ಲಿ ಹೊಸದಾಗಿ ಕಟ್ಟಿ. ಎಪಿಎಂಸಿ ಮಂಡಿಯ ತೆಂಗಿನಕಾಯಿ ಲೆಕ್ಕವೋ ಹಾಲಿನ ಡೇರಿಯ ಹತ್ತು ದಿನದ ಬಟವಾಡೆಯೋ ಸಾಕಷ್ಟಾಗುತ್ತದೆ, ಮತ್ತು ವೈವಾದಲ್ಲಿ ಪ್ರತಿ ಸಾಲನ್ನೂ ನೀವೇ ವಿವರಿಸಬಲ್ಲಿರಿ.

## ಹಂತ 8: ಸೆಮಿಸ್ಟರ್ ಮುಗಿದೊಡನೆ ಕ್ರೆಡಿಟ್ ನೋಡಿ

ಫಲಿತಾಂಶ ಬಂದ ಮೇಲೆ ಡಿಜಿಲಾಕರ್ ತೆರೆದು, ಅಪ್ರೆಂಟಿಸ್‌ಶಿಪ್‌ನ ಕ್ರೆಡಿಟ್‌ಗಳು ನಿಮ್ಮ ಕ್ರೆಡಿಟ್ ಖಾತೆಗೆ ಜಮಾ ಆಗಿವೆಯೇ ಎಂದು ನೋಡಿ. ಆಗಿಲ್ಲವಾದರೆ ಪರೀಕ್ಷಾ ವಿಭಾಗಕ್ಕೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿಯ ಮುದ್ರೆ ಪಡೆಯಿರಿ. ಮೂರು ವರ್ಷ ಮುಗಿದ ಮೇಲೆ ನೋಡಿದರಾಯಿತು ಎಂದು ಬಿಟ್ಟವರು, ಅಷ್ಟರಲ್ಲಿ ಕಂಪನಿಯ ಆ ಹಿರಿಯರೂ ಕಾಲೇಜಿನ ಆ ಅಧಿಕಾರಿಯೂ ಬೇರೆಡೆಗೆ ಹೋಗಿರುವುದನ್ನು ಕಾಣುತ್ತಾರೆ.

## ಹಂತ 9: ಹೊರಡುವ ಮುನ್ನ ಮೂರು ಕಾಗದ

ಒಪ್ಪಂದದ ಕೊನೆಯ ದಿನಕ್ಕಿಂತ ಎರಡು ವಾರ ಮೊದಲೇ ಮೂರು ಕಾಗದಗಳಿಗೆ ಬೇಡಿಕೆ ಇಡಿ: ಪೋರ್ಟಲ್ ಮೂಲಕ ಬರುವ ಅಪ್ರೆಂಟಿಸ್ ಪ್ರಮಾಣಪತ್ರ, ನೀವು ಮಾಡಿದ ಕೆಲಸವನ್ನು ಹೆಸರಿಸುವ ಕಂಪನಿಯ ಪತ್ರ, ಮತ್ತು ಗಂಟೆಗಳ ಲೆಕ್ಕವಿರುವ ಹಾಜರಾತಿ ವರದಿ. ಮೊದಲನೆಯದು ಹುಟ್ಟಬೇಕಾದರೆ ಕಂಪನಿಯವರು ನಿಮ್ಮ ತಿಂಗಳವಾರು ದಾಖಲೆಗಳನ್ನು ಏರಿಸಿ ಮುಗಿಸಿರಬೇಕು; ಒಂದು ತಿಂಗಳದ್ದು ಬಾಕಿ ಇದ್ದರೂ ಅದು ತಡೆಯುತ್ತದೆ. ಹೀಗಾಗಿ ಪ್ರತಿ ತಿಂಗಳ ದಾಖಲೆ ಏರಿದೆಯೇ ಎಂದು ನಿಮ್ಮ ಲಾಗಿನ್‌ನಲ್ಲಿ ನೋಡಿ, ಬಾಕಿ ಇರುವುದನ್ನು ಪಟ್ಟಿ ಮಾಡಿ ಒಂದೇ ಇ-ಮೇಲ್‌ನಲ್ಲಿ ಕಳುಹಿಸಿ, ಕಂಪನಿಯ ಲ್ಯಾಪ್‌ಟಾಪ್ ಮತ್ತು ಗುರುತಿನ ಚೀಟಿಯನ್ನು ಹಿಂದಿರುಗಿಸಿದ ರಸೀದಿಯನ್ನು ಅದೇ ಕಡತಕ್ಕೆ ಸೇರಿಸಿಟ್ಟುಕೊಳ್ಳಿ.